ತಲಪಾಡಿಯ ಆಚೆಯೋ ಈಚೆಯೋ: ಮಂಗಳೂರು ಬಿಟ್ಟ ಒಂದು ಮನೆಯವರ ಜಾಗ ಹುಡುಕಾಟ

ಗಂಡನಿಗೆ ಮುಡಿಪು ಕಡೆಯ ಐಟಿ ಕಂಪೆನಿಯೊಂದರಲ್ಲಿ ಕೆಲಸ. ವಾರದಲ್ಲಿ ಮೂರು ದಿನ ಆಫೀಸಿಗೆ ಮುಖ ತೋರಿಸಿದರೆ ಸಾಕು. ಹೆಂಡತಿ ದೇರಳಕಟ್ಟೆಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್, ಅವಳಿಗೆ ಪಾಳಿ. ನಾಲ್ಕು ವರ್ಷದ ಮಗಳು, ಗೋಡೆ ಹಿಡಿದು ನಡೆಯುವ ಮಗ, ಗಂಡನ ತಾಯಿ. ಮಂಗಳೂರಿನ ಬಿಜೈಯಲ್ಲಿ ಎರಡು ಕೋಣೆಯ ಬಾಡಿಗೆ ಫ್ಲಾಟು. ಪೇಟೆ ಸಾಕು ಅನ್ನಿಸಿದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ: ಬಾಡಿಗೆ, ಪಂಪ್‌ವೆಲ್‌ನ ಬ್ಲಾಕು, ಮಣ್ಣು ಮುಟ್ಟದೆ ಬೆಳೆಯುವ ಮಕ್ಕಳು, ಅಂಗಳವಿಲ್ಲದೆ ದಿನವಿಡೀ ಟೀವಿ ಮುಂದೆ ಕೂರುವ ಅಜ್ಜಿ. ಅದನ್ನು ಉದ್ದ ಮಾಡುವುದಿಲ್ಲ.

ಹೆಂಡತಿ ನನ್ನ ಅಕ್ಕನ ಮಗಳು, ನನಗೆ ಸೊಸೆ, ಪೆರ್ಲ ಕಡೆಯವಳು. ಗಂಡ ಪುತ್ತೂರಿನವನು. ನಾನು ಹೊಸಂಗಡಿಯಲ್ಲಿ ಮನೆ ನಕ್ಷೆ, ಪರ್ಮಿಟ್, ಎಸ್ಟಿಮೇಟ್ ಮಾಡಿಕೊಂಡಿರುವ ಸಿವಿಲ್ ಎಂಜಿನಿಯರ್. ಹಾಗಾಗಿ ಫೋನು ನನಗೇ ಬಂತು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಬರುವಾಗಲೇ ಅವರ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟು ತಯಾರಿತ್ತು. ಕೋಟೆಕಾರು, ಹೊಸಂಗಡಿ, ಉಪ್ಪಳದ ಪಡುಭಾಗ, ವರ್ಕಾಡಿ ಎಂದು ನಾಲ್ಕು ಊರು. ಸೆಂಟ್ಸಿನ ದರ, ಆಫೀಸಿಗೆ ದೂರ, ಶಾಲೆ, ಪೇಟೆ, ಪರಿಸರ ಎಂದು ಕಾಲಮ್ಮುಗಳು, ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಕೂಡಿಸಿ ನೋಡಿದರೆ ಉಪ್ಪಳ ಫಸ್ಟ್ ಕ್ಲಾಸು. ಸಮುದ್ರ ಹತ್ತಿರ, ರೈಲ್ವೇ ಸ್ಟೇಷನ್ ಹತ್ತಿರ, ದರ ಕಡಿಮೆ. ಎಲ್ಲ ಇದ್ದ ಆ ಶೀಟಿನಲ್ಲಿ ರಾಜ್ಯದ ಗಡಿ ಮಾತ್ರ ಇರಲಿಲ್ಲ. ಕೋಟೆಕಾರು ಆಚೆ, ಕರ್ನಾಟಕದಲ್ಲಿ; ಉಳಿದ ಮೂರೂ ಈಚೆ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ; ಹೆದ್ದಾರಿಯಲ್ಲಿ ಗಡಿ ಬರುವುದು ತಲಪಾಡಿಯಲ್ಲಿ.

“ಗಡಿ ನಮಗೇನು ಮಾಡ್ತದೆ ಮಾವ? ದಿನಾ ಸಾವಿರಾರು ಜನ ದಾಟ್ತಾರಲ್ಲ” ಎಂದ ಹುಡುಗ, ಅಂದರೆ ಸೊಸೆಯ ಗಂಡ.

ದಾಟುತ್ತಾರೆ, ಹೌದು. ನಮ್ಮ ಕಡೆಯವರಿಗೆ ಮೀನು ಬಿಟ್ಟರೆ ಉಳಿದದ್ದೆಲ್ಲ ಮಂಗಳೂರಿನದ್ದೇ. ಮದುವೆ ಜವಳಿ, ಕಾಲೇಜು, ಹೆರಿಗೆ, ಹೃದಯದ ಆಪರೇಷನ್, ಎಲ್ಲಕ್ಕೂ ತಲಪಾಡಿ ದಾಟಲೇಬೇಕು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡನ್ನು ಬೇರ್ಪಡಿಸಿ ಕೇರಳಕ್ಕೆ ಸೇರಿಸಿದ ಮೇಲೂ ಈ ಓಡಾಟ ನಿಂತದ್ದಿಲ್ಲ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ವರದಿ ಕಡತದಲ್ಲೇ ಉಳಿಯಿತು, ಜನ ಬಸ್ಸು ಹತ್ತಿಕೊಂಡೇ ಇದ್ದರು. ಹಾಗೆಂದು ಗಡಿ ಇಲ್ಲ ಅಂತ ಅಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿತು. ಮಂಜೇಶ್ವರ ತಾಲೂಕಿನ ರೋಗಿಗಳ ಆಂಬುಲೆನ್ಸ್ ತಲಪಾಡಿಯಲ್ಲಿ ನಿಂತವು. ಕೇರಳ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ದಾರಿ ಆಯಿತು. ಮರುವರ್ಷ ಮತ್ತೆ ಆರ್‌ಟಿ-ಪಿಸಿಆರ್ ನೆಗೆಟಿವ್ ಸರ್ಟಿಫಿಕೇಟು ಕೇಳಿದರು. ಆಗ ಮಂಗಳೂರಿನಲ್ಲಿ ಕೆಲಸ ಇದ್ದು ಈಚೆ ಮನೆ ಇದ್ದವರ ಪಾಡು ಕಣ್ಣಾರೆ ಕಂಡಿದ್ದೇನೆ.

ಮತ್ತೆ ಹಾಗೇ ಆಗುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಮಾಮೂಲು ದಿನದಲ್ಲೂ ಗಡಿ ಸಣ್ಣ ಸಣ್ಣ ವಿಷಯದಲ್ಲಿ ಕೈ ಹಿಡಿದು ಎಳೆಯುತ್ತದೆ. ಮಂಗಳೂರಿನ ಸಿಟಿ ಬಸ್ಸು ತಲಪಾಡಿಗೇ ಮುಗಿಯುತ್ತದೆ. ಇಳಿದು, ನಡೆದು, ಕೇರಳದ ಬಸ್ಸು ಹಿಡಿಯಬೇಕು. ಎರಡೂ ರಾಜ್ಯದ ಕೆಎಸ್‌ಆರ್‌ಟಿಸಿ ನೇರ ಓಡುತ್ತವೆ, ಆದರೆ ಹೆಚ್ಚಾಗಿ ಹೆದ್ದಾರಿಯಲ್ಲಿ. ಕೆಎ-19ರ ಸ್ಕೂಟರನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕೆಎಲ್-14 ಮಾಡಿಸಬೇಕು. ಅದಕ್ಕೆ ಅಲ್ಲಿಂದ ಎನ್‌ಒಸಿ, ಇಲ್ಲಿ ಮತ್ತೆ ತೆರಿಗೆ. ಆಧಾರ್ ವಿಳಾಸ ಬದಲಾದರೆ ಕರ್ನಾಟಕದ ಸರಕಾರಿ ಬಸ್ಸಿನಲ್ಲಿ ಹೆಂಗಸರ ಶಕ್ತಿ ಟಿಕೆಟ್ ಇಲ್ಲ.

ಈ ಮಾತು ಕೇಳಿದ್ದೇ ಅಜ್ಜಿಗೆ ಕಿವಿ ನೆಟ್ಟಗಾಯಿತು. ಪುತ್ತೂರಿನ ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ. ಗೃಹಲಕ್ಷ್ಮಿಯ ಎರಡು ಸಾವಿರ ಅವರ ಖಾತೆಗೇ ಬೀಳುತ್ತದೆ. “ನೀವು ಎಲ್ಲಿಗೆ ಬೇಕಾದರೂ ಹೋಗಿ, ನನ್ನ ಕಾರ್ಡಿನ ಸುದ್ದಿಗೆ ಬರಬೇಡಿ” ಎಂದು ಅವರು ಅಲ್ಲೇ ತೀರ್ಪು ಕೊಟ್ಟರು. ದೊಡ್ಡ ಮಗ ಪುತ್ತೂರಿನಲ್ಲೇ ಇರುವುದರಿಂದ ವರ್ಷದ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ಅವರದ್ದೊಂದು ವ್ಯವಸ್ಥೆ ಆಗಿಹೋಯಿತು.

ನಾನು ಹೇಳಿದ್ದು ಇಷ್ಟೇ: ಜಾಗ ನೋಡುವುದಕ್ಕಿಂತ ಮೊದಲು ನಿಮ್ಮ ಯಾವ ಕೆಲಸ ಗಡಿಯ ಯಾವ ಕಡೆ ನಡೆಯಬೇಕು ಎಂದು ಬರೆದುಕೊಳ್ಳಿ. ಉದ್ಯೋಗ ಇಬ್ಬರದ್ದೂ ಆಚೆ. ಆಸ್ಪತ್ರೆ ಆಚೆ; ಈಚೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರೂ ದೊಡ್ಡ ಕಾಯಿಲೆಗೆ ನಾವು ಇವತ್ತಿಗೂ ಓಡುವುದು ದೇರಳಕಟ್ಟೆ, ಮಂಗಳೂರಿಗೇ. ಅಲ್ಲಿಗೆ ಉಳಿದದ್ದು ಮಕ್ಕಳ ಶಾಲೆ, ಮತ್ತೆ ಮನೆಯ ಕಾಗದಪತ್ರ. ಅವೆರಡು ಎಲ್ಲಿ ಎಂದು ಸ್ಪಷ್ಟವಾದರೆ ಊರು ತಾನಾಗಿ ಸಿಗುತ್ತದೆ. ಶೀಟಿನ ಅಂಕಗಳನ್ನು ಅಲ್ಲಿಗೆ ಬಿಟ್ಟೆವು.

ಕೋಟೆಕಾರು ಬೇಗ ಮುಗಿಯಿತು. ಗಡಿ ದಾಟುವ ರಗಳೆಯೇ ಇಲ್ಲ, ಕೃಷಿಭೂಮಿಯಿಂದ ಕನ್ವರ್ಷನ್ ಆಗಿ ಕಾಗದಪತ್ರ ಸರಿ ಇದ್ದ ಲೇಔಟು, ರಸ್ತೆ ಚೆನ್ನಾಗಿತ್ತು. ಆದರೆ ಅಲ್ಲಿ 5 ಸೆಂಟ್ಸಿಗೆ ಕೇಳಿದ ಹಣದಲ್ಲಿ ಈಚೆ ಜಾಗವೂ ಬರುತ್ತದೆ, ಮನೆಯ ಗೋಡೆಯೂ ಏಳುತ್ತದೆ. ಸಾಲ ಮಾಡಿ ಜಾಗ ತೆಗೆದು, ಮನೆ ಕಟ್ಟಲು ಮತ್ತೆ ಹತ್ತು ವರ್ಷ ಕಾಯುವುದಾದರೆ ಬಿಜೈ ಬಿಡುವುದಾದರೂ ಯಾಕೆ?

ಉಪ್ಪಳದ ಪಡುಭಾಗಕ್ಕೆ ಏಪ್ರಿಲ್ ಕೊನೆಗೆ ಹೋದೆವು. ಜಾಗ ನೋಡುವುದಾದರೆ ಏಪ್ರಿಲ್, ಮೇಯಲ್ಲೇ ನೋಡಬೇಕು. ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಯಾವ ಜಾಗವೂ ಚೆಂದವೇ. ತೆಂಗಿನ ತೋಟ, ಗಾಳಿ, ಹಿಂದಿನ ಮನೆಯ ತಗ್ಗು ಬಾವಿ, ಕೈಗೆಟಕುವಷ್ಟು ಮೇಲೆ ನೀರು. ಬ್ರೋಕರ್ ಖುಷಿಯಿಂದ ಕೊಡಪಾನ ಇಳಿಸಿ ತೋರಿಸಿದ. ಅಜ್ಜಿ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು, ತೆಂಗಿನ ಬುಡಕ್ಕೆ ಉಗಿದರು. “ಗಂಜಿಗೆ ಉಪ್ಪು ಹಾಕುವುದು ಬೇಡ” ಎಂದರು. ಹೊಳೆ ಸಮುದ್ರ ಸೇರುವ ಬಾಯಿಗೆ ಹತ್ತಿರದ ಜಾಗಗಳಲ್ಲಿ ಬೇಸಿಗೆಯಲ್ಲಿ ಹೊಳೆಯ ಸಿಹಿನೀರಿನ ಒತ್ತಡ ಇಳಿದಾಗ ಉಪ್ಪುನೀರು ಮೇಲಕ್ಕೆ ಏರುತ್ತದೆ. ಬಾವಿಗಳು ಮೊದಲು ಚಪ್ಪೆಯಾಗಿ ಆಮೇಲೆ ಉಪ್ಪಾಗುತ್ತವೆ. ಅದೂ ಅಲ್ಲದೆ ಮುಸೋಡಿ ಕಡೆ ಕಡಲು ಕೊರೆದು ಮನೆ, ತೆಂಗು ಹೋದದ್ದನ್ನು ನೋಡದವರು ಇಲ್ಲಿ ಯಾರೂ ಇಲ್ಲ. ಸಮುದ್ರ, ಹೊಳೆ ಎರಡರ ಪಕ್ಕಕ್ಕೂ ಸಿಆರ್‌ಝಡ್, ಅಂದರೆ ಕರಾವಳಿಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ನಿಯಮ ಉಂಟು. ಪಂಚಾಯತಿನಲ್ಲಿ ಪರ್ಮಿಟಿಗೆ ಹೋದಾಗಲೇ ಅದು ಗೊತ್ತಾಗುವ ಖರೀದಿದಾರರು ನನ್ನ ಆಫೀಸಿಗೆ ಎಷ್ಟೋ ಮಂದಿ ಬಂದಿದ್ದಾರೆ. ಇದೆಲ್ಲದರ ಮೇಲೆ, ಮಧ್ಯಾಹ್ನದ ಪಾಳಿ ಮುಗಿಸಿದ ನರ್ಸ್ ದೇರಳಕಟ್ಟೆಯಿಂದ ತೊಕ್ಕೊಟ್ಟು, ತಲಪಾಡಿ ಆಗಿ ಉಪ್ಪಳಕ್ಕೆ ರಾತ್ರಿ ಒಬ್ಬಳೇ ಬರಬೇಕು. ಶೀಟಿನಲ್ಲಿ ಫಸ್ಟ್ ಬಂದ ಊರು ಹೀಗೆ ಹೋಯಿತು.

ಹೊಸಂಗಡಿಯ ಜಾಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಎಡವುವವರೇ ಜಾಸ್ತಿ. 6 ಸೆಂಟ್ಸು, ಅಂದರೆ ಸುಮಾರು 2,600 ಚದರಡಿ. ಪೇಟೆಗೆ ನಡೆದು ಹೋಗುವ ದೂರ, ಸುತ್ತ ಮನೆಗಳು. ಕಾಗದ ಸರಿ, ದರ ಸರಿ. ನಾನು ಟೇಪು ತೆಗೆದುಕೊಂಡು ಹೋದೆ. ಪಡುಬದಿಯ ಕಂಪೌಂಡಿಗೆ ತಾಗಿಯೇ ನೆರೆಯವರ ಬಾವಿ. ಕೇರಳದ ಪಂಚಾಯತು ಕಟ್ಟಡ ನಿಯಮದಂತೆ ಕುಡಿಯುವ ನೀರಿನ ಬಾವಿಗೂ ಶೌಚದ ನೀರಿನ ಇಂಗುಗುಂಡಿಗೂ ನಡುವೆ ಕನಿಷ್ಠ 7.5 ಮೀಟರ್ ಅಂತರ ಬೇಕು. ಬಾವಿಯಿಂದ ಟೇಪು ಹಿಡಿದು ಹುಡುಗನನ್ನು ಜಾಗದೊಳಗೆ ನಡೆಸಿದೆ. ಏಳೂವರೆ ಮೀಟರಿಗೆ ಅವನು ನಿಂತದ್ದು ಅವನ ಮನಸ್ಸಿನಲ್ಲಿದ್ದ ಮನೆಯ ಹಾಲಿನ ನಟ್ಟನಡುವೆ. ಬಡಗಿನಲ್ಲಿ ಇನ್ನೊಂದು ಬಾವಿ. ಅದರಿಂದಲೂ ಅಳೆದೆವು. ಎರಡು ವೃತ್ತದ ಹೊರಗೆ ಉಳಿದದ್ದು ಗೇಟಿನ ಹತ್ತಿರದ ಒಂದು ಮೂಲೆ. ಅಲ್ಲಿ ಇಂಗುಗುಂಡಿ ಮಾಡಿದರೆ ಕಾರು ನಿಲ್ಲುವ ಹಾಗಿಲ್ಲ, ಸ್ವಂತ ಬಾವಿಗೆ ಜಾಗವೇ ಇಲ್ಲ.

“ಇದನ್ನು ಬ್ರೋಕರ್ ಹೇಳಲೇ ಇಲ್ಲ” ಎಂದ ಹುಡುಗ. ಬ್ರೋಕರ್ ಯಾಕೆ ಹೇಳುತ್ತಾನೆ? ಸಣ್ಣ ಜಾಗಕ್ಕೆ ನೆರೆಯವರ ಬಾವಿಯೇ ಅರ್ಧ ನಕ್ಷೆ ಬರೆಯುತ್ತದೆ ಎಂಬುದು ಕೊಳ್ಳುವವನು ನೋಡಿಕೊಳ್ಳಬೇಕಾದ ವಿಷಯ. ನಿಯಮ ಬಿಡಿ, ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಸೋಸಿ ಹೋಗುವ ವೇಗ ನೋಡಿದರೆ 7.5 ಮೀಟರೂ ನನಗೆ ಸಾಲದು ಅನ್ನಿಸುತ್ತದೆ.

ಹೆದ್ದಾರಿಯದ್ದು ಇನ್ನೊಂದು ಕತೆ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ಮಂಗಳೂರಿಗೆ ಹೋಗುವವರಿಗೆ ಸುಖ, ಎದುರು ಬದಿಯ ಅಂಗಡಿಗೆ ಹಾಲು ತರಲು ಹೋಗುವವರಿಗೆ ಕಷ್ಟ. ಮೊದಲು ಹೆದ್ದಾರಿಯ ಬಲಬದಿ ಎಡಬದಿ ಎಂದು ಯಾರೂ ಯೋಚಿಸುತ್ತಿರಲಿಲ್ಲ. ಈಗ ದಾಟಬೇಕಾದರೆ ಅಂಡರ್‌ಪಾಸ್ ಹುಡುಕಬೇಕು, ಸರ್ವಿಸ್ ರೋಡಿನಲ್ಲಿ ಸುತ್ತು ಬರಬೇಕು. ಪಡುಬದಿಯಾದರೆ ಮೇಲಿಂದ ರೈಲ್ವೇ ಗೇಟು. ಶಾಲೆ, ಅಂಗನವಾಡಿ, ಅಂಗಡಿ ಮನೆಯ ಬದಿಯಲ್ಲೇ ಇವೆಯಾ ಎಂದು ನಡೆದೇ ನೋಡಬೇಕು. ಗೂಗಲ್ ಮ್ಯಾಪಿನಲ್ಲಿ ಇನ್ನೂರು ಮೀಟರು ಕಾಣುವುದು ಮಗುವಿನ ಕೈ ಹಿಡಿದು ಹೊರಟರೆ ಬೇರೆಯೇ.

ಉಳಿದದ್ದು ವರ್ಕಾಡಿ. ಹೆದ್ದಾರಿಯಿಂದ ಒಳಗೆ, ಮಜೀರ್ಪಳ್ಳ ಕಡೆ. ಪೇಟೆ ಅನ್ನುವಂಥದ್ದೇನಿಲ್ಲ. ಹುಡುಗ ಮೊದಲು ಮೂಗು ಮುರಿದ. ಆದರೆ ಅಲ್ಲಿಂದ ತೌಡುಗೋಳಿ ದಾಟಿದರೆ ಮುಡಿಪು, ದೇರಳಕಟ್ಟೆ ಎರಡೂ ಕೈಯಳತೆಯಲ್ಲಿ. ತಲಪಾಡಿಯ ಟೋಲಿಲ್ಲ, ತೊಕ್ಕೊಟ್ಟಿನ ಬ್ಲಾಕಿಲ್ಲ. ಮಂಗಳೂರನ್ನು ನಡುವೆ ಇಟ್ಟು ಅಳೆದರೆ ವರ್ಕಾಡಿ ಒಂದು ಮೂಲೆ. ಇವರಿಬ್ಬರ ಕೆಲಸವನ್ನು ನಡುವೆ ಇಟ್ಟರೆ ಅದೇ ಹತ್ತಿರ. ಮಾತು ತುಳು, ಕನ್ನಡ, ಬ್ಯಾರಿ, ಮಲಯಾಳ ಎಲ್ಲ ನಡೆಯುತ್ತದೆ.

ಅಲ್ಲಿ ಮೊದಲು ಮನಸ್ಸಿಗೆ ಬಂದದ್ದು ತೋಡಿನ ಬದಿಯ 15 ಸೆಂಟ್ಸು. ಸಮತಟ್ಟು, ಹಸಿರು, ದರವೂ ಇಳಿದಿತ್ತು. ಅಷ್ಟು ಇಳಿದಾಗಲೇ ಸಂಶಯ ಬರಬೇಕು. ವಿಲ್ಲೇಜ್ ಆಫೀಸಿನ ಮೂಲ ತೆರಿಗೆ ರಿಜಿಸ್ಟರಿನಲ್ಲಿ ‘ನಿಲಂ’ ಎಂದಿತ್ತು, ಅಂದರೆ ಗದ್ದೆ. ಗದ್ದೆ, ಜೌಗುಭೂಮಿಗಳ ಸರಕಾರಿ ಪಟ್ಟಿಯಾದ ಡಾಟಾ ಬ್ಯಾಂಕಿನಲ್ಲೂ ಸೇರಿತ್ತು. ಕೇರಳದಲ್ಲಿ 2008ರ ಗದ್ದೆ, ಜೌಗುಭೂಮಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗದ್ದೆಯಲ್ಲಿ ಮನೆ ಕಟ್ಟುವುದು ಸುಲಭವಲ್ಲ. ಈಗ ಬೇಸಾಯವಿಲ್ಲದೆ ತೆಂಗು ನೆಟ್ಟಿದ್ದರೂ ಮೊದಲು 5ನೇ ನಮೂನೆಯಲ್ಲಿ ಅರ್ಜಿ ಹಾಕಿ ಡಾಟಾ ಬ್ಯಾಂಕಿನಿಂದ ಬಿಡಿಸಬೇಕು, ಆಮೇಲೆ 6ನೇ ನಮೂನೆಯಲ್ಲಿ ಜಾಗದ ಸ್ವಭಾವ ಬದಲಿಸಬೇಕು. ಕರ್ನಾಟಕದಿಂದ ಬರುವವರು ಇದನ್ನು ಅಲ್ಲಿಯ ಕನ್ವರ್ಷನ್ ಇದ್ದ ಹಾಗೆ ಎಂದುಕೊಳ್ಳುತ್ತಾರೆ. ಹಾಗಲ್ಲ, ಇಲ್ಲಿ ಅದು ನಿಜವಾಗಿ ಗದ್ದೆ ಎಂದು ಕಂಡುಬಂದರೆ ಅರ್ಜಿ ತಿರಸ್ಕಾರವೂ ಆಗಬಹುದು. ಆಗುತ್ತದೋ ಇಲ್ಲವೋ ಎಂಬ ಜಾಗಕ್ಕೆ ಮಕ್ಕಳಿರುವ ಮನೆಯವರು ಅಡ್ವಾನ್ಸ್ ಕೊಡಬಾರದು ಎಂದು ನಾನು ಹಟ ಹಿಡಿದೆ. ಆಧಾರದ, ಅಂದರೆ ಕ್ರಯಪತ್ರದ ನೋಂದಣಿಗೆ ಇಲ್ಲಿ ಮುದ್ರಾಂಕ ನೂರಕ್ಕೆ 8, ನೋಂದಣಿ ಶುಲ್ಕ 2, ಒಟ್ಟು ನೂರಕ್ಕೆ ಹತ್ತು ಹೋಗುತ್ತದೆ ಎಂಬುದನ್ನೂ ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೊಂಡುಕೊಳ್ಳುವ ಮೊದಲು ಒಂದು ಬೇಸಿಗೆ ಬಾಡಿಗೆಗೆ ಕೂರಿ ಎಂದೆ. ಎಲ್ಲರಿಗೂ ಇದನ್ನೇ ಹೇಳುತ್ತೇನೆ, ಹೆಚ್ಚಿನವರು ಕೇಳುವುದಿಲ್ಲ. ಇವರು ಕೇಳಿದರು, ಅದಕ್ಕೂ ಕಾರಣ ಅಜ್ಜಿಯೇ. ಮುಂದಿನ ಫೆಬ್ರವರಿಯಲ್ಲಿ ಮಜೀರ್ಪಳ್ಳದ ಹತ್ತಿರ ಹಳೆಯ ಹೆಂಚಿನ ಮನೆಯೊಂದಕ್ಕೆ ಬಂದರು.

ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ, ಹನ್ನೆರಡು ಹೊಳೆಗಳ ಜಿಲ್ಲೆ. ಆದರೂ ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು. ಹೊರಗಿನವರಿಗೆ ಇದು ಒಗಟು. ಮೇಲೆ ಮುರಕಲ್ಲು, ಅದು ಮಳೆನೀರನ್ನು ಹೀರಿದಷ್ಟೇ ಬೇಗ ಇಳಿಜಾರಿಗೆ ಬಿಟ್ಟುಕೊಡುತ್ತದೆ. ಅಡಿಯಲ್ಲಿ ಶೇಡಿಮಣ್ಣು, ನೀರು ತಾಗಿದರೆ ಕುಸಿಯುವ ಜಾತಿ. ಬಾವಿ ತೋಡುವಾಗ ಶೇಡಿ ಸಿಕ್ಕಿದರೆ ಆಳಕ್ಕೆ ಹೋಗುವುದೇ ಅಪಾಯ, ರಿಂಗ್ ಇಳಿಸಬೇಕು. ಪದವಿನ (ಗುಡ್ಡದ ಮೇಲಿನ ಬೋಳು ನೆಲ) ಮೇಲಿನ ಮನೆಗೆ ಮಾರ್ಚಿನಲ್ಲೇ ಬಾವಿ ತಳ ಕಾಣುತ್ತದೆ, ಬೈಲಿನ (ತಗ್ಗಿನ ಗದ್ದೆಯ ಕಡೆ) ಅಂಚಿನ ಮನೆಗೆ ಮೇ ಕಳೆದರೂ ನೀರು. ಹಿಂದಿನವರು ಬಾಯಾರು, ಪೈವಳಿಕೆ ಕಡೆಯ ಗುಡ್ಡದಲ್ಲಿ ಸುರಂಗ ಕೊರೆದು ನೀರು ತಂದದ್ದು ಶೋಕಿಗಲ್ಲ.

ಬಾಡಿಗೆ ಮನೆಯಲ್ಲಿ ಕೂತದ್ದರ ಲಾಭ ಮೇ ತಿಂಗಳಲ್ಲಿ ಸಿಕ್ಕಿತು. ಪದವಿನ ಮೇಲೆ ಒಂದು ಜಾಗ ಇವರಿಗೆ ತುಂಬ ಹಿಡಿಸಿತ್ತು. ಅದರ ಪಕ್ಕದ ಮನೆಗೆ ದಿನ ಬಿಟ್ಟು ದಿನ ಟ್ಯಾಂಕರ್ ಬರುವುದನ್ನು ಹುಡುಗ ಕೆಲಸಕ್ಕೆ ಹೋಗುವ ದಾರಿಯಲ್ಲಿ ತಾನೇ ಕಂಡ. ಬೈಲಿಗಿಂತ ಒಂದು ಮೆಟ್ಟಿಲು ಮೇಲೆ, ಗುಡ್ಡೆಯ ಇಳಿಜಾರಿನಲ್ಲಿ 12 ಸೆಂಟ್ಸು ಇನ್ನೊಂದಿತ್ತು. ‘ಪುರಯಿಡಂ’, ಅಂದರೆ ಗದ್ದೆಯಲ್ಲದ ಹಿತ್ತಿಲ ಜಾಗ ಎಂದೇ ದಾಖಲೆ, ಡಾಟಾ ಬ್ಯಾಂಕಿನಲ್ಲಿ ಇಲ್ಲ. ಹಳೆಯ ಕಲ್ಲು ಕಟ್ಟಿದ ಬಾವಿ, ಮೇ ಕೊನೆಗೂ ಎರಡಾಳು ನೀರು. ಕೊರತೆ ಎಂದರೆ ದಾರಿ: ಕಾರು ಹೋಗುವಷ್ಟು ಅಗಲ ಇದ್ದರೂ ಅದು ಮಾರುವವರ ಅಣ್ಣನ ಜಾಗದ ಮೇಲೆ. ದಾರಿಯ ಹಕ್ಕನ್ನು ಅಳತೆ ಸಮೇತ ಆಧಾರದಲ್ಲೇ ಬರೆಸಿ, ಅಣ್ಣನ ಸಹಿಯನ್ನೂ ಹಾಕಿಸಿದ ಮೇಲೆಯೇ ಹಣ ಕೊಟ್ಟದ್ದು. “ನಮ್ಮೊಳಗೆ ಏನು ಕಾಗದ” ಎಂದು ಅವರು ಎಷ್ಟು ಪ್ರೀತಿಯಿಂದ ಹೇಳಿದರೂ ಇಂಥಲ್ಲಿ ಕರಗಬಾರದು.

ಶಾಲೆಯ ವಿಷಯದಲ್ಲಿ ಗಂಡಹೆಂಡಿರಿಗೆ ಸರಿಬರಲಿಲ್ಲ. ಹುಡುಗನಿಗೆ ಮುಡಿಪು ಕಡೆಯ ಇಂಗ್ಲಿಷ್ ಮೀಡಿಯಂ. ವ್ಯಾನು ತೌಡುಗೋಳಿವರೆಗೆ ಮಾತ್ರ ಬರುತ್ತದೆ ಎಂದರು. ಬೆಳಗಿನ ಪಾಳಿಯ ದಿನ ಮಗುವನ್ನು ಅಲ್ಲಿಗೆ ಮುಟ್ಟಿಸುವವರು ಯಾರು? ನನ್ನ ಸೊಸೆ ತಾನು ಓದಿದಂತೆ ಮಗಳೂ ಇಲ್ಲಿನ ಕನ್ನಡ ಮಾಧ್ಯಮದಲ್ಲೇ ಓದಲಿ ಎಂದಳು. ಕೇರಳದ ಪಠ್ಯ, ಕನ್ನಡ ಪುಸ್ತಕ, ಹತ್ತನೇ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಬಹುದು. ಆದರೆ ಈ ವ್ಯವಸ್ಥೆಗೆ ಪೆಟ್ಟು ಬೀಳುತ್ತಿರುವುದನ್ನು ಮುಚ್ಚಿಡಬಾರದು. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡಿದ ಕಾಯ್ದೆ ಬಂದಾಗ ಇಲ್ಲಿ ದೊಡ್ಡ ಹೋರಾಟ ನಡೆಯಿತು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ಹಾಕಿದ್ದಕ್ಕೆ ಪೋಷಕರು ಶಾಲೆಯ ಗೇಟಿನಲ್ಲಿ ಕೂತದ್ದೂ ಉಂಟು. ಹಾಗಾಗಿ ಶಾಲೆಗೆ ಹೋದಾಗ ಕಟ್ಟಡ, ಸ್ಮಾರ್ಟ್ ಕ್ಲಾಸು ನೋಡಬೇಡಿ, ಗಣಿತ ಕಲಿಸುವವರ ಹತ್ತಿರ ಐದು ನಿಮಿಷ ಕನ್ನಡದಲ್ಲಿ ಮಾತಾಡಿ, ಕನ್ನಡ ಡಿವಿಜನ್ನಿನ ಒಂದನೇ ತರಗತಿಯಲ್ಲಿ ಎಷ್ಟು ಮಕ್ಕಳು ಎಂದು ಕೇಳಿ ಎಂದೆ. ಹೋಗಿ ಬಂದರು, ಸಮಾಧಾನವಾಯಿತು.

ಹುಡುಗನ ದೊಡ್ಡ ಹೆದರಿಕೆ ಬೇರೆಯೇ ಇತ್ತು: ಕೇರಳದಲ್ಲಿ ಓದಿದರೆ ಮಗಳಿಗೆ ನಾಳೆ ಕರ್ನಾಟಕದ ಸೀಟು ಸಿಗುವುದಿಲ್ಲವಲ್ಲ ಎಂದು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಂ ಉಂಟು. ಕನ್ನಡ ಪರೀಕ್ಷೆ ಪಾಸಾಗಬೇಕು. ಇಲ್ಲಿನ ಮಕ್ಕಳು ಆ ದಾರಿಯಲ್ಲಿ ಎಂಜಿನಿಯರಿಂಗಿಗೆ ಹೋಗುತ್ತಲೇ ಇದ್ದಾರೆ. ನಿಜವಾಗಿ ತೊಂದರೆಗೆ ಬೀಳುವುದು ಮೂರು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ ಎಂದು ಮಕ್ಕಳನ್ನು ಎತ್ತಿಹಾಕುವ ಮನೆಯವರು. ಸೀಟಿಗೆ ಇಷ್ಟು ವರ್ಷ ಓದಿರಬೇಕು ಎಂಬ ಲೆಕ್ಕ ಎರಡೂ ಕಡೆ ತುಂಬುವುದಿಲ್ಲ. ಆಚೆಯಾದರೆ ಹತ್ತರವರೆಗೂ ಆಚೆ, ಈಚೆಯಾದರೆ ಹತ್ತರವರೆಗೂ ಈಚೆ ಎಂದು ನಾನು ಹೇಳಿದೆ. ನಾಲ್ಕನೇ ತರಗತಿಯವರೆಗೆ ಇಲ್ಲಿ ಓದಲಿ, ಆಮೇಲೆ ನೋಡೋಣ ಎಂದು ಅವರಿಬ್ಬರು ರಾಜಿಯಾದರು. ಆ ರಾಜಿ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ಮನೆ ಕಟ್ಟಿ ಮುಗಿದಿದೆ. 1,100 ಚದರಡಿ, ಮುರಕಲ್ಲಿನ ಗೋಡೆ, ಇಂಗುಗುಂಡಿ ಬಾವಿಯಿಂದ 14 ಮೀಟರ್ ದೂರ, ತಗ್ಗಿನಲ್ಲಿ. ಮಗಳಿಗೆ ನಾಲ್ಕೇ ತಿಂಗಳಲ್ಲಿ ತುಳು ಬಂತು, ಮಲಯಾಳದಲ್ಲಿ ಬೈಯಲೂ ಕಲಿತಳು. ರಾತ್ರಿ ಪಾಳಿ ಮಾತ್ರ ಸಮಸ್ಯೆಯಾಗಿಯೇ ಉಳಿದಿದೆ. ಕತ್ತಲಾದ ಮೇಲೆ ಒಳದಾರಿಯಲ್ಲಿ ಬಸ್ಸಿಲ್ಲ. ಆಚೆಯ ರಿಕ್ಷಾದವರು ಗಡಿಯವರೆಗೆ ಬಂದು ಪರ್ಮಿಟ್ ಇಲ್ಲ ಎನ್ನುತ್ತಾರೆ. ಸೊಸೆ ಸ್ಕೂಟರಿನಲ್ಲೇ ಹೋಗುತ್ತಾಳೆ, ಜೋರು ಮಳೆಗೆ ಗಂಡ ಕಾರಿನಲ್ಲಿ ಬಿಡುತ್ತಾನೆ, ಆ ದಿನ ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿ ಪುತ್ತೂರಿನಿಂದ ಬಂದಿರಬೇಕು.

ವಿಲ್ಲೇಜ್ ಆಫೀಸಿನಲ್ಲಿ ಪೊಕ್ಕುವರವು, ಅಂದರೆ ಖಾತೆ ಬದಲಾವಣೆ ಆಗಿ ಜಾಗದ ತೆರಿಗೆ ರಶೀದಿ ಇವರ ಹೆಸರಿಗೆ ಬಂದಿದೆ. ಅರ್ಜಿಯನ್ನು ಸೊಸೆ ಕನ್ನಡದಲ್ಲೇ ಬರೆದು ಕೊಟ್ಟಳು. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಹಾಗೆ ಕೊಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಉತ್ತರ ಮಲಯಾಳದಲ್ಲಿ ಬಂತು. ಅದಕ್ಕೆ ಅವಳು ಮತ್ತೊಂದು ಅರ್ಜಿ ಬರೆದಿದ್ದಾಳೆ, ಕನ್ನಡದಲ್ಲಿ. ಕಾರಿಗೆ ಎನ್‌ಒಸಿ ಕೇಳಿದ್ದಾರೆ, ಸ್ಕೂಟರಿನದ್ದು ಇನ್ನು ಆಗಬೇಕು. ಹುಡುಗನ ವೋಟು ಈಗಲೂ ಪುತ್ತೂರಿನಲ್ಲೇ. ವರ್ಕಾಡಿಯ ಪಟ್ಟಿಗೆ ಸೇರಿಸುವುದೋ ಬೇಡವೋ ಎಂದು ಮೊನ್ನೆಯೂ ಮನೆಯಲ್ಲಿ ಚರ್ಚೆ ನಡೆಯುತ್ತಿತ್ತು.